ಬಾಳೆಲೆಯ ಬದಿಗಿಟ್ಟ ಬೂಸ್ಟ್ ಕಂಟ್ರೋಲರ್

ಖರೀದಿಯ ವಿಷಯದಲ್ಲಿ ನನಗೆ ಯಾರೂ ಟೋಪಿ ಹಾಕಲಾರರು. ಕಾಸರಗೋಡಿನ ವಿದ್ಯಾನಗರದ ಒಂದು ಸರಕಾರಿ ಕಚೇರಿಯಲ್ಲಿ ಕುರ್ಚಿ, ಕಪಾಟು, ಫ್ಯಾನು ಖರೀದಿಸುವ ಸೆಕ್ಷನ್ನಿನ ಗುಮಾಸ್ತ ನಾನು. ಕೊಟೇಶನ್ ಕರೆದು ನಾನು ಆರಿಸಿದ ಫ್ಯಾನುಗಳು ಈಗಲೂ ತಿರುಗುತ್ತಿವೆ. ಗಾಳಿ ಬರುವುದಿಲ್ಲ, ಅದು ಬೇರೆ ಮಾತು! ಇಂಥ ಅನುಭವಸ್ಥನಿಗೆ ಟರ್ಬೋ ಕಾರಿನ ಎಲೆಕ್ಟ್ರಾನಿಕ್ ಬೂಸ್ಟ್ ಕಂಟ್ರೋಲರ್ ಆರಿಸುವುದು ಯಾವ ಮಹಾ ಕೆಲಸ ಎಂದುಕೊಂಡೆ.

ಅದು ಬೇಕಾಗಿದ್ದುದು ನನಗಲ್ಲ, ನನ್ನ ಅಣ್ಣನಿಗೆ. ಅಣ್ಣ ತೀರಿಕೊಂಡು ವರ್ಷವಾಗುತ್ತ ಬಂದಿತ್ತು.

ಗಾಬರಿಯಾಗಬೇಡಿ, ವಿವರಿಸುತ್ತೇನೆ. ಅಣ್ಣ ಗಲ್ಫಿನಿಂದ ಮರಳಿದವನೇ ಒಂದು ಹಳೆಯ ಟರ್ಬೋ ಕಾರು ಕೊಂಡಿದ್ದ. ಎಂಜಿನ್ನಿಗೆ ಎಷ್ಟು ಗಾಳಿ ಊದಬೇಕು ಎಂದು ಅಪ್ಪಣೆ ಕೊಡುವ ಪೆಟ್ಟಿಗೆಯೇ ಈ ಬೂಸ್ಟ್ ಕಂಟ್ರೋಲರ್. ಯಾವುದನ್ನು ಹಾಕಿಸಲಿ ಎಂದು ಪ್ರತಿ ಭಾನುವಾರ ನಮ್ಮ ಮನೆಗೆ ಬಂದು, ಚಹಾ ಆರುವವರೆಗೆ ನನ್ನ ತಲೆ ತಿನ್ನುತ್ತಿದ್ದ. ಮಂಗಳೂರಿನ ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಮೊಬೈಲಿನಲ್ಲಿ ಎರಡು ಚಿತ್ರ ತೋರಿಸಿ, “ಯಾವುದು ತಗೊಳ್ಳುವುದು, ಹೇಳು ಮಾರಾಯ” ಎಂದ.

“ಮೊದಲು ಮನೆಗೆ ಬಾ. ಮತ್ತೆ ನೋಡುವ” ಎಂದೆ.

ಅವನು ಮನೆಗೆ ಬರಲಿಲ್ಲ. ಉತ್ತರ ನನ್ನ ಬಾಯಲ್ಲೇ ಉಳಿದುಬಿಟ್ಟಿತು. ಕಾರನ್ನು ನೋಡಿದರೆ ಸಂಕಟವಾಗುತ್ತದೆ ಎಂದು ಅತ್ತಿಗೆ ಅದನ್ನು ಮಾರಿಬಿಟ್ಟರು.

ನಮ್ಮ ತುಳುವರ ಮನೆಗಳಲ್ಲಿ, ಜಡಿಮಳೆಯ ಆಟಿ ತಿಂಗಳಿನಲ್ಲಿ, ಅಂದರೆ ಆಷಾಢದ ಹೊತ್ತಿಗೆ, ತೀರಿಕೊಂಡವರಿಗೆ ಬಡಿಸುವ ಕ್ರಮವಿದೆ. ಅವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಯಲ್ಲಿ ಬಡಿಸಿ, ದೀಪವಿಟ್ಟು, ಬಾಗಿಲು ಮುಚ್ಚಿ ನಾವು ಹೊರಗೆ ಕಾಯಬೇಕು. ಅವರು ಬಂದು ಉಂಡು ಹೋಗುತ್ತಾರೆ ಎಂಬ ನಂಬಿಕೆ. ಅಣ್ಣನಿಗೆ ಮೊದಲ ಸಲ ಬಡಿಸುವ ದಿನ ಹತ್ತಿರ ಬಂದಾಗ ನನ್ನ ತಲೆಯಲ್ಲಿ ದೀಪ ಹೊತ್ತಿತು. ಕೋಳಿ ಸಾರು, ಮೀನು ಎಲ್ಲರೂ ಇಡುತ್ತಾರೆ. ಅವನು ಕೇಳಿದ್ದನ್ನು ಇಡುವವರು ಯಾರು?

ನನ್ನ ಹೆಂಡತಿ ಸುಜಾತ ಸೌಟು ಹಿಡಿದೇ ಅಡುಗೆಮನೆಯಿಂದ ಬಂದಳು. “ಯಾರಾದ್ರೂ ಎಲೆಗೆ ಕಾರಿನ ಸಾಮಾನು ಬಡಿಸ್ತಾರಾ? ನಿಮಗೆ ಎಂತ ಆಗಿದೆ?”

“ದೊಡ್ಡಪ್ಪನಿಗೆ ಬೀಡಿ ಕಟ್ಟು ಇಡುವುದಿಲ್ವಾ? ಅವರೇನು ಬೀಡಿ ತಿನ್ತಿದ್ರಾ?”

ಅವಳು ಸೌಟಿನೊಂದಿಗೆ ಅಡುಗೆಮನೆಗೆ ಮರಳಿದಳು. ವಾದದಲ್ಲಿ ಹೆಂಡತಿ ಸೋತ ಕ್ಷಣದಲ್ಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು!

ಕಾಸರಗೋಡು ಪೇಟೆಯಲ್ಲಿ ಕಾರಿನ ಸಾಮಾನು ಮಾರುವ ಹನೀಫ್ ನನ್ನನ್ನು ಕೂರಿಸಿ, “ಯಾವ ಗಾಡಿಗೆ ಸಾರ್?” ಎಂದು ಕೇಳಿದ.

“ಗಾಡಿ ಇಲ್ಲ. ಮಾರಿ ಆಗಿದೆ.”

ಹನೀಫ್ ಕನ್ನಡಕ ಸರಿಮಾಡಿಕೊಂಡ. “ಪರವಾಗಿಲ್ಲ. ಎಷ್ಟು ಪಿಎಸ್‌ಐ ಬೇಕು?”

ಪಿಎಸ್‌ಐ ಎಂದರೆ ಗಾಳಿಯ ಒತ್ತಡ. ಅಷ್ಟು ನನಗೆ ಗೊತ್ತಿತ್ತು. “ಮೂವತ್ತೆರಡು. ಸ್ಟೆಪ್ನಿಗೂ ಅಷ್ಟೇ ಇರಲಿ” ಎಂದೆ ಗಂಭೀರವಾಗಿ.

“ಅಯ್ಯೋ ಸಾರ್, ಅದು ಟಯರಿಗೆ! ಇದಕ್ಕೆ ಅಷ್ಟು ಕೊಟ್ರೆ ಎಂಜಿನ್ ಬಾನೆಟ್ ಒಡೆದು ಹೊರಗೆ ಬರ್ತದೆ. ಓಡಿಸುವವರನ್ನೇ ಒಮ್ಮೆ ಕರ್ಕೊಂಡು ಬನ್ನಿ.”

“ಅವನು ಬರುವುದಿಲ್ಲ. ತೀರಿಕೊಂಡಿದ್ದಾನೆ. ಇದು ಅವನಿಗೆ ಬಡಿಸ್ಲಿಕ್ಕೆ.”

ಹನೀಫ್ ಎದ್ದು ಫ್ಯಾನಿನ ವೇಗ ಹೆಚ್ಚಿಸಿದ. ನನಗೆ ಸೆಕೆಯಿಂದ ಹೀಗಾಗಿದೆ ಎಂದುಕೊಂಡನೋ ಏನೋ. ಆಮೇಲೆ ನಿಧಾನವಾಗಿ ಕೆಲವು ಪೆಟ್ಟಿಗೆಗಳನ್ನು ತಂದು ಎದುರಿಗಿಟ್ಟು, ಒಂದೊಂದರ ಗುಣವನ್ನೂ ವಿವರಿಸತೊಡಗಿದ. ಯಾವುದರ ತಲೆಬುಡವೂ ನನಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಕಪಾಟಿನ ಮೇಲಿದ್ದ ಒಂದು ಪೆಟ್ಟಿಗೆ ಕಣ್ಣಿಗೆ ಬಿತ್ತು. ಮೇಲೆ ದೊಡ್ಡದಾಗಿ ಬೂಸ್ಟ್ ಎಂದು ಬರೆದಿತ್ತು. ದುಂಡಗಿನ ಮುಖ, ಕೆಂಪು ಮುಳ್ಳು, ಹೊಳೆಯುವ ಅಂಕಿಗಳು. ದೀಪದ ಬೆಳಕಿನಲ್ಲಿ ಅಣ್ಣನಿಗೆ ಎದ್ದು ಕಾಣುತ್ತದೆ!

“ಇದೇ ಇರಲಿ” ಎಂದೆ.

“ಸಾರ್, ಅದು...” ಎಂದು ಹನೀಫ್ ಬಾಯಿ ತೆರೆದ. ಅಂತಿಮ ತೀರ್ಮಾನವಾದ ಮೇಲೆ ಅಹವಾಲು ಸ್ವೀಕರಿಸುವ ಪದ್ಧತಿ ನಮ್ಮ ಸೆಕ್ಷನ್ನಿನಲ್ಲಿಲ್ಲ. ದುಡ್ಡು ಕೊಟ್ಟು, ಪೆಟ್ಟಿಗೆ ಕಂಕುಳಲ್ಲಿಟ್ಟುಕೊಂಡು ಹೊರಟೇಬಿಟ್ಟೆ.

ಬಡಿಸುವ ದಿನ ನನ್ನ ಸಣ್ಣ ಕಾರಿನಲ್ಲಿ, ಕಾಸರಗೋಡು ಕಡೆಯ ಅನಂತಪುರದ ಹತ್ತಿರವಿರುವ ಅಣ್ಣನ ಮನೆಗೆ ಹೋದೆವು. ಅತ್ತಿಗೆ ಎಲೆ ತುಂಬ ಬಡಿಸಿ ಹೊರಗೆ ಹೋದರು. ಎಲ್ಲರಿಗಿಂತ ಕೊನೆಗೆ ಹೊರಬಂದ ನಾನು ಆ ಯಂತ್ರವನ್ನು ಎಲೆಯ ಬದಿಗಿಟ್ಟು ಬಾಗಿಲೆಳೆದೆ. ಎಲ್ಲರೂ ಜಗಲಿಯಲ್ಲಿ ಕೂತೆವು. ಒಳಗಿನಿಂದ ಏನಾದರೂ ಸದ್ದು ಬರುತ್ತದೆಯೇ ಎಂದು ಕಿವಿಗೊಟ್ಟೆ. ನಾನು ಅಂಥದ್ದನ್ನೆಲ್ಲ ನಂಬುವವನಲ್ಲ. ಆದರೂ ಕಿವಿಗೊಟ್ಟೆ.

ಬಾಗಿಲು ತೆರೆದಾಗ ಅತ್ತಿಗೆಯ ಕಣ್ಣು ನೇರ ಅಲ್ಲಿಗೇ ಹೋಯಿತು.

“ಉದಯ, ಇದು ಎಂತ?”

“ಬೂಸ್ಟ್ ಕಂಟ್ರೋಲರ್ ಅತ್ತಿಗೆ. ಅಣ್ಣ ಕೇಳಿದ್ದ.”

ಅತ್ತಿಗೆ ಅದನ್ನು ಎತ್ತಿ, ತಿರುಗಿಸಿ ನೋಡಿದರು. “ಇದು ಕಂಟ್ರೋಲರ್ ಅಲ್ಲ ಮಾರಾಯ, ಮೀಟರ್! ಬರೀ ತೋರಿಸುವುದು. ಇಂಥದ್ದು ಅವರ ಗಾಡಿಯಲ್ಲಿ ಮೊದಲೇ ಇತ್ತು.”

ಸುಜಾತ ತಡೆಯಲಾರದೆ, “ಭಾವ ಇದ್ದಿದ್ರೆ ನಕ್ಕು ನಕ್ಕು ಸಾಯ್ತಿದ್ರು” ಎಂದವಳೇ ನಾಲಿಗೆ ಕಚ್ಚಿಕೊಂಡಳು. ಅತ್ತಿಗೆಗೆ ನಗು ಉಕ್ಕಿತು. ಅಣ್ಣ ಹೋದ ಮೇಲೆ ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ನಗುತ್ತಾ ನಗುತ್ತಾ ಗೋಡೆಗೆ ಒರಗಿ ಕೂತರು. ಆಮೇಲೆ ಅದು ಅಳುವಾಯಿತು. ನಡುವೆ ಎಲ್ಲಿ ಬದಲಾಯಿತೆಂದು ನಮಗೆ ತಿಳಿಯಲೇ ಇಲ್ಲ.

ಅವರು ಕಣ್ಣೊರೆಸಿಕೊಂಡ ಮೇಲೆ ಮೆಲ್ಲನೆ ಕೇಳಿದೆ: “ಹಾಗಾದ್ರೆ ಅವನಿಗೆ ಯಾವುದು ಬೇಕಿತ್ತು ಅತ್ತಿಗೆ?”

“ಯಾವುದೂ ಬೇಡ ಇತ್ತು. ತಗೊಳ್ಳಿ, ಮುಗಿಸಿ ಅಂತ ನಾನೇ ಎಷ್ಟು ಸಲ ಹೇಳಿದ್ದೇನೆ. ತಗೊಂಡ್ರೆ ಮತ್ತೆ ಭಾನುವಾರ ಉದಯನ ಹತ್ರ ಕೇಳ್ಲಿಕ್ಕೆ ಎಂತ ಉಂಟು ಅಂತ ಹೇಳ್ತಿದ್ರು.”

ಅಂದು ಎಲೆಯ ಕೋಳಿ ಸಾರನ್ನು ಎಲ್ಲರೂ ಹಂಚಿಕೊಂಡರು. ನನಗೆ ಒಂದು ತುತ್ತೂ ಇಳಿಯಲಿಲ್ಲ.

ಹೊರಡುವಾಗ ಅತ್ತಿಗೆ ಮೀಟರನ್ನು ನನ್ನ ಕೈಗಿತ್ತರು. “ಬಡಿಸಿದ್ದನ್ನು ಬಿಸಾಡ್ಲಿಕ್ಕಿಲ್ಲ. ನಿನ್ನ ಗಾಡಿಗೆ ಹಾಕಿಸು.”

ಹನೀಫ್ ಅದನ್ನು ಕೂರಿಸಿಕೊಟ್ಟ. ಈ ಸಲ ನಾನು ಅವನ ಮಾತನ್ನು ಪೂರ್ತಿ ಕೇಳಿದೆ. “ಸಾರ್, ನಿಮ್ಮ ಗಾಡಿಯಲ್ಲಿ ಟರ್ಬೋ ಇಲ್ಲ. ಎಷ್ಟು ತುಳಿದ್ರೂ ಮುಳ್ಳು ಸೊನ್ನೆ ದಾಟುವುದಿಲ್ಲ.”

ಅವನು ಹೇಳಿದ್ದು ನಿಜ. ಮೊನ್ನೆ ಭಾನುವಾರ ಚಹಾದ ಹೊತ್ತಿಗೆ ಮನೆಯಲ್ಲಿ ಕೂರಲಾಗದೆ ಸುಜಾತಳನ್ನು ಕರೆದುಕೊಂಡು ಕಾರು ಹತ್ತಿದೆ. ಏರಿನಲ್ಲಿ ಪೆಡಲನ್ನು ಕೊನೆಯವರೆಗೆ ತುಳಿದೆ. ಸೊನ್ನೆಯ ಕೆಳಗಿದ್ದ ಮುಳ್ಳು ನಡುಗುತ್ತಾ ಸೊನ್ನೆಗೆ ಬಂದು ನಿಂತಿತು. ಒಂದು ಆಟೋರಿಕ್ಷಾ ಹಾರ್ನ್ ಹೊಡೆದು ನಮ್ಮನ್ನು ಹಿಂದೆ ಹಾಕಿತು.

“ಇದು ಎಂತದ್ದು ತೋರಿಸುವುದು?” ಎಂದು ಸುಜಾತ ಕೇಳಿದಳು.

“ನನ್ನ ಯೋಗ್ಯತೆ” ಎಂದೆ.

ಅವಳು ನಗುತ್ತಾಳೆಂದುಕೊಂಡಿದ್ದೆ. ಅವಳು ಸೀರೆಯ ಸೆರಗಿನಿಂದ ಮೀಟರಿನ ಧೂಳು ಒರೆಸಿದಳು.