ತಳ್ಳಿದರೆ ಮಾತ್ರ ಹೊರಡುವ ಸಣ್ಣ ಕಾರಿನವರಿಗೆ

ದೇವದುರ್ಗ,
ಮೇ ೧೯೮೪

ಶ್ರೀ ಬೂದು ಬಣ್ಣದ ಎರಡು ಬಾಗಿಲಿನ ಹಳೇ ಸಣ್ಣ ಕಾರು ಇವರ ಸನ್ನಿಧಿಗೆ,
ನಮ್ಮ ಮನೆ ಮುಂದಿನ ಬೇವಿನ ಮರದ ನೆರಳು.

ಮಾನ್ಯರೇ,

ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂಬ ಮಾತನ್ನು ಬರೀ ಶಿಷ್ಟಾಚಾರಕ್ಕೆಂದು ಬರೆದಿದ್ದೇನೆಂದು ತಾವು ತಿಳಿಯಬಾರದು. ತಮ್ಮ ಹೊಟ್ಟೆಯಿಂದ ಈ ದಿನ ಏನು ಸೋರುತ್ತಿದೆ ಎಂದು ನೋಡಲು ನಾನು ಪ್ರತಿದಿನ ಬೆಳಿಗ್ಗೆ ತಮ್ಮ ಮುಂದೆ ನೆಲಕ್ಕೆ ಎದೆ ಹಚ್ಚಿ ಮಲಗುವುದನ್ನು ಓಣಿಯವರೆಲ್ಲ ಕಂಡಿದ್ದಾರೆ, ಮತ್ತು ಹಾಲು ತರುವ ಮುದುಕಿಯೊಬ್ಬಳು ಇಲ್ಲಿ ಯಾವುದೋ ದೇವರು ಎದ್ದಿರಬೇಕೆಂದು ಚಪ್ಪಲಿ ಬಿಟ್ಟು ಕೈ ಮುಗಿದು ಹೋಗಿದ್ದಾಳೆ. ತಾವು ಕ್ಷೇಮವೆಂದು ಭಾವಿಸಿ ಈ ದೂರನ್ನು ಬಹಿರಂಗವಾಗಿಯೇ ಸಲ್ಲಿಸುತ್ತಿದ್ದೇನೆ, ಏಕೆಂದರೆ ಖಾಸಗಿಯಾಗಿ ತಮಗೆ ಹೇಳಿದ ಮಾತುಗಳನ್ನು ಅಚ್ಚು ಹಾಕಲು ಬರುವುದಿಲ್ಲ.

ನಾನು ಮೌನಪ್ಪ, ಇಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮಾಸ್ತರ. ಪೆಟ್ರೋಲ್ ಎಂಜಿನ್ನಿನ ಚಿತ್ರವನ್ನು ಬಣ್ಣದ ಸೀಮೆಸುಣ್ಣದಲ್ಲಿ ಬರೆದು, ಗಾಳಿ ಎಲ್ಲಿ ಒಳಗೆ ಬರುತ್ತದೆ, ಹೊಗೆ ಎಲ್ಲಿ ಹೊರಗೆ ಹೋಗುತ್ತದೆ ಎಂದು ವರ್ಷವರ್ಷವೂ ಮಕ್ಕಳಿಗೆ ತೋರಿಸುತ್ತ ಬಂದವನು. ನನ್ನ ಚಿತ್ರದ ಎಂಜಿನ್ನು ಒಂದು ದಿನವೂ ಕೆಟ್ಟದ್ದಿಲ್ಲ. ಹೀಗಾಗಿ ಹಳೇ ಕಾರಿನ ಯೋಗ್ಯತೆ ಅಳೆಯುವುದು ನನಗೇನು ಕಷ್ಟ ಎಂಬ ಭ್ರಮೆಯಿಂದ ಹೊಸ ವರ್ಷದಲ್ಲಿ ರಾಯಚೂರಿಗೆ ಹೋಗಿ ತಮ್ಮ ದರ್ಶನ ಪಡೆದೆ.

ತಮ್ಮನ್ನು ಮಾರಿದ ಅಕ್ಕಿ ಗಿರಣಿಯ ಮಾಲೀಕ ಗಡಿಗೆಪ್ಪನವರು ಭಾಳ ಸಜ್ಜನರು. ತಮ್ಮನ್ನು ಮೊದಲಿನಿಂದ ಬಳಸಿದವರು ಒಬ್ಬ ಡಾಕ್ಟರು, ಅದೂ ಮನೆಯಿಂದ ದವಾಖಾನೆಗೆ, ದವಾಖಾನೆಯಿಂದ ಮನೆಗೆ ಮಾತ್ರ ಎಂದು ಅವರು ಆಣೆ ಮಾಡಿ ಹೇಳಿದರು. ರಾಯಚೂರಿನಲ್ಲಿ ಮಾರಾಟಕ್ಕಿರುವ ಹಳೇ ಕಾರುಗಳೆಲ್ಲ ಡಾಕ್ಟರುಗಳು ಬಳಸಿದವೇ ಆಗಿರುವುದನ್ನು ನೋಡಿದರೆ ಆ ಊರಿನಲ್ಲಿ ರೋಗಿಗಳಿಗಿಂತ ಡಾಕ್ಟರುಗಳೇ ಹೆಚ್ಚಿರಬೇಕು. ತಮ್ಮ ಹಿಂದಿನ ಸೀಟಿನ ಸಂದಿಯಲ್ಲಿ ಭತ್ತ ಮೊಳಕೆ ಒಡೆದಿತ್ತು, ಗಾಳಿಗೆ ಕಿಟಕಿ ಇಳಿಸಿದರೆ ಮುಖದ ತುಂಬ ತೌಡು ಹಾರುತ್ತಿತ್ತು. ಆ ಡಾಕ್ಟರು ರೋಗಿಗಳಿಗೆ ತೌಡನ್ನೇ ಔಷಧಿಯಾಗಿ ಕೊಡುತ್ತಿದ್ದರೆಂದು ನಾನು ನಂಬಿದೆ. ನಂಬುವುದು ಮಾಸ್ತರರ ಜಾಯಮಾನ.

ಆದರೂ ಒಬ್ಬನೇ ತೀರ್ಮಾನಿಸಬಾರದೆಂದು ಪರೀಕ್ಷೆಗೆ ಖಾಸಿಂ ಸಾಬರನ್ನು ಕರೆದೊಯ್ದಿದ್ದೆ. ದೇವದುರ್ಗದ ದನದ ಸಂತೆಯಲ್ಲಿ ಎತ್ತಿನ ದಲ್ಲಾಳಿಯಾಗಿ ತಲೆ ನೆರೆತವರು, ಅವರು ಬೆನ್ನು ಚಪ್ಪರಿಸಿದ ಎತ್ತನ್ನು ಜನ ಕಣ್ಣು ಮುಚ್ಚಿ ಕೊಳ್ಳುತ್ತಾರೆ. ಅವರು ತಮ್ಮ ಬಾನೆಟ್ ಎತ್ತಿಸಿ ಹಲ್ಲು ನೋಡುವಂತೆ ನೋಡಿದರು, ಹಿಂದಿನ ಭಾಗವನ್ನು ಅಂಗೈಯಿಂದ ಒತ್ತಿದರು, ಹೊಟ್ಟೆಯ ಕೆಳಗೆ ಬಿದ್ದಿದ್ದ ಎಣ್ಣೆಯ ಹನಿಯನ್ನು ಬೆರಳಲ್ಲಿ ಹಚ್ಚಿ ಮೂಸಿ ಜೀರ್ಣಶಕ್ತಿ ಚೆನ್ನಾಗಿದೆಯೆಂದು ತಲೆಯಾಡಿಸಿದರು. ಒಂದು ದೀಪ ರಸ್ತೆಯನ್ನೂ ಇನ್ನೊಂದು ಆಕಾಶವನ್ನೂ ನೋಡುವುದನ್ನು ನಾನು ತೋರಿಸಿದಾಗ ಮೆಳ್ಳಗಣ್ಣು ಮನೆಗೆ ಶುಭವೆಂದರು. ಬಲಗಡೆಯ ತಗ್ಗನ್ನು ಸವರಿ ಇದು ಒಳ್ಳೆಯ ಜಾಗದಲ್ಲಿ ಬಿದ್ದ ಸುಳಿ ಎಂದರು. ಗಿರಣಿಯ ಅಂಗಳದಲ್ಲಿ ತಮ್ಮನ್ನು ಎರಡು ಸುತ್ತು ನಡೆಸಿ ನೋಡಿ, "ಸರ, ನಡಗಿ ನೋಡ್ರಿ ನಡಗಿ, ಗೂಳಿ ಬಂದಂಗ ಬರ್ತದ. ಬೇಫಿಕರ್ ತಗೋರಿ" ಎಂದು ಅಪ್ಪಣೆ ಕೊಟ್ಟರು. ಕೊನೆಗೆ ಗಡಿಗೆಪ್ಪನವರೂ ಅವರೂ ಸಂತೆಯ ಪದ್ಧತಿಯಂತೆ ಹೆಗಲ ಮೇಲಿನ ವಲ್ಲಿಯ ಕೆಳಗೆ ಕೈ ಕೊಟ್ಟು ಬೆರಳು ಹಿಡಿದು ಬೆಲೆ ಮುಗಿಸಿದರು. ಆ ವ್ಯಾಪಾರಕ್ಕೆ ಆ ವಲ್ಲಿಯೊಂದೇ ಸಾಕ್ಷಿ.

ಇಷ್ಟೆಲ್ಲ ಪರೀಕ್ಷೆಯಲ್ಲಿ ಒಂದು ಸಣ್ಣ ಸಂಗತಿ ಉಳಿದುಹೋಯಿತು. ನಾವು ಗಿರಣಿಗೆ ಹೋದಾಗಲೇ ತಾವು ಗುರುಗುಟ್ಟುತ್ತ ನಿಂತಿದ್ದಿರಿ, ನಾವು ಹೊರಡುವವರೆಗೂ ಗಡಿಗೆಪ್ಪನವರು ತಮ್ಮನ್ನು ಆರಿಸಲಿಲ್ಲ. ತಮ್ಮನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಿ ತೋರಿಸಿರೆಂದು ವಿಜ್ಞಾನದ ಮಾಸ್ತರನಿಗೂ ಹೊಳೆಯಲಿಲ್ಲ, ದಲ್ಲಾಳಿಗೂ ಹೊಳೆಯಲಿಲ್ಲ. ಗಬ್ಬೂರಿನಲ್ಲಿ ಚಹಾ ಕುಡಿಯಲು ನಿಂತು ತಮ್ಮನ್ನು ಆರಿಸಿದ ಮೇಲೆ ಇಡೀ ಹೋಟೆಲಿನ ಗಿರಾಕಿಗಳು ತಳ್ಳಿದ್ದರಿಂದ ನಾವು ಊರು ಸೇರಿದೆವು. ನಾನು ಸಿಟ್ಟಿನಿಂದ ಖಾಸಿಂ ಸಾಬರ ಕಡೆ ತಿರುಗಿದರೆ ಅವರಿಗೆ ನಿಜವಾಗಿಯೂ ನೋವಾಯಿತು. "ಅಲ್ರೀ ಸರ, ಎತ್ತಿಗೆ ಯಾರರ ಚಾಲೂ ಮಾಡಿ ತೋರ್ಸು ಅಂತಾರೇನ್ರಿ?" ಎಂದರು.

ಅಂದಿನಿಂದ ತಮ್ಮ ಒಂದೊಂದೇ ಸದ್ಗುಣಗಳು ಬೆಳಕಿಗೆ ಬಂದವು. ತಮ್ಮ ಬ್ಯಾಟರಿಗೆ ಎಂಜಿನ್ನನ್ನು ಎಬ್ಬಿಸುವಷ್ಟು ಶಕ್ತಿ ಇಲ್ಲ, ಆದರೆ ಹಾರ್ನು ಹೊಡೆಯುವಷ್ಟು ಎಲ್ಲಿಂದಲೋ ಇದೆ. ಇಂಥ ಸ್ವಭಾವದವರನ್ನು ನಾನು ಮಾಸ್ತರರ ಸಂಘದಲ್ಲಿ ಕಂಡಿದ್ದೇನೆ. ಆ ಹಾರ್ನು ಕೂಡ ನಾನು ಒತ್ತಿದಾಗ ಸುಮ್ಮನಿದ್ದು, ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿದಾಗ ತಾನಾಗಿ ಕೂಗುತ್ತದೆ. ಎಡಗಡೆಯ ಬಾಗಿಲಿಗೆ ಒಳಗೆ ಹಿಡಿಕೆಯೇ ಇಲ್ಲದ್ದರಿಂದ ಅಲ್ಲಿ ಕೂತವರು ಇಳಿಯಬೇಕಾದರೆ ಹೊರಗಿನವರು ಯಾರಾದರೂ ಬಂದು ಬಾಗಿಲು ತೆಗೆಯಬೇಕು. ಈ ಮರ್ಯಾದೆ ನಮ್ಮ ದೇಶದಲ್ಲಿ ಮಂತ್ರಿಗಳಿಗೂ ಮಾವನ ಮನೆಗೆ ಬಂದ ಹೊಸ ಅಳಿಯಂದಿರಿಗೂ ಮಾತ್ರ ಸಿಗುವಂಥದು. ನನ್ನ ತಾಯಿ ಮೂಕಮ್ಮ ತಮ್ಮನ್ನು ಮೊದಲ ಸಲ ನೋಡಿದವಳೇ, "ಇಷ್ಟ ಸಣ್ಣದ ಯಾಕ ತಂದ್ಯೋ ಯಪ್ಪಾ? ಮುಂದ ದೊಡ್ಡದಾಗ್ತದೇನು?" ಎಂದು ಕೇಳಿದಳು. ಅದು ತಮ್ಮ ಬಗ್ಗೆ ನಡೆದ ಮೌಲ್ಯಮಾಪನಗಳಲ್ಲೆಲ್ಲ ಪ್ರಾಮಾಣಿಕವಾದದ್ದು.

ಮಾಸ್ತರನಿಗೆ ಕಾರೇಕೆ ಎಂದು ಊರೆಲ್ಲ ಕೇಳಿತು. ತಾವು ಕೇಳಲಿಲ್ಲ, ಆದರೂ ತಮಗೆ ಹೇಳುತ್ತೇನೆ.

ನಮ್ಮ ಹಳ್ಳಿ ಮಾನ್ವಿ ತಾಲೂಕಿನಲ್ಲಿ, ಹಿರೇಕೊಟ್ನೆಕಲ್ ದಾಟಿದ ಮೇಲೆ ಬರುತ್ತದೆ. ಹೆಸರು ಬರೆಯುವುದಿಲ್ಲ. ಬರೆದರೆ, ನಮ್ಮ ಹೆಸರನ್ನೇಕೆ ಬಿಟ್ಟಿರಿ ಎಂದು ಸುತ್ತಲಿನ ಹಳ್ಳಿಗಳು ಕೇಳಬಹುದು. ಊರಿನ ಹೆಬ್ಬಾಗಿಲು ಅಗಸಿ, ಅದರ ಒಳಗೆ ಗೌಡರ ಕಟ್ಟೆ, ಅದನ್ನು ದಾಟಿದ ಮೇಲೆ ನಮ್ಮ ಕೇರಿ. ಆ ಕಟ್ಟೆಯ ಮುಂದೆ ನಮ್ಮವರು ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಿದ್ದರು. ಮಾನ್ವಿಯ ಹೈಸ್ಕೂಲಿಗೆ ಹೋಗುತ್ತಿದ್ದ ನಾನು ಸೈಕಲ್ಲಿನಿಂದ ಇಳಿದು ನೂಕಿಕೊಂಡು ಹೋಗುತ್ತಿದ್ದೆ. ಇಳಿ ಎಂದು ಯಾರೂ ಬೋರ್ಡು ಹಾಕಿರಲಿಲ್ಲ, ಹಾಕುವ ಅಗತ್ಯವೂ ಇರಲಿಲ್ಲ. ಸೈಕಲ್ಲೆಂದರೆ ಊರ ಹೊರಗೆ ಕೂರುವುದಕ್ಕೆ, ಊರ ಒಳಗೆ ನೂಕುವುದಕ್ಕೆ ಮಾಡಿದ ವಾಹನವೆಂದು ನಾನು ಬಹಳ ದಿನ ನಂಬಿದ್ದೆ. ಈಗ ಕಾಲ ಬದಲಾಗಿದೆಯೆಂದು ಎಲ್ಲರೂ ಹೇಳುತ್ತಾರೆ, ಆದರೆ ನನ್ನ ತಾಯಿಗೆ ಅದನ್ನು ಯಾರೂ ಹೇಳಿಲ್ಲ. ಮೊಣಕಾಲು ಹಿಡಿದ ಮೇಲೂ ಅವಳು ಬಸ್ಸು ಇಳಿದು, ಅಗಸಿ ಬಿಟ್ಟು, ಜಾಲಿಗಿಡಗಳ ಹಿಂದಿನ ಹಾದಿಯಲ್ಲಿ ಸುತ್ತು ಬಳಸಿ ಕೇರಿ ಸೇರುತ್ತಾಳೆ. ನನಗೆ ಅದನ್ನು ನೋಡಲು ಆಗುತ್ತಿರಲಿಲ್ಲ. ಒಂದೇ ಒಂದು ಸಲ ಅವಳು ಕೂತುಕೊಂಡು, ಇಳಿಯದೆ, ಆ ಕಟ್ಟೆಯ ಮುಂದೆ ಹಾಯ್ದು ಹೋಗಬೇಕೆಂಬುದಕ್ಕಾಗಿ ನಾನು ತಮ್ಮನ್ನು ಕೊಂಡೆ. ಹಿಂದಿನ ಸೀಟಿಗೆ ಬಗ್ಗಿ ನುಸುಳಬೇಕಾಗುವುದರಿಂದ, ಅವಳು ಬಗ್ಗಿದ್ದು ಸಾಕೆಂದು ಮುಂದಿನ ಸೀಟನ್ನೇ ಅವಳಿಗೆ ಕೊಟ್ಟೆ. ತಮ್ಮಿಂದ ನಾನು ಬಯಸಿದ್ದು ವೇಗವಲ್ಲ, ಅಂದವಲ್ಲ. ಆ ನೂರು ಮಾರು ದಾರಿಯಲ್ಲಿ ನಿಲ್ಲದಿರುವುದು.

ರಜೆ ಬಿಟ್ಟ ಮೇಲೆ ನನ್ನ ತಮ್ಮನ ಬಸುರಿ ಹೆಂಡತಿಯ ಕುಬಸಕ್ಕೆ ಹೊರಟೆವು. ಓಣಿಯವರು ತಳ್ಳಿದರು, ತಾವು ಎದ್ದಿರಿ. ಸಿರವಾರದಲ್ಲಿ ತಮ್ಮನ್ನು ಆರಿಸಲಿಲ್ಲ, ಮಾನ್ವಿಯಲ್ಲಿ ಹೂವು ಹಣ್ಣುಗಳನ್ನು ಕಿಟಕಿಯಿಂದ ಕೈ ಚಾಚಿಯೇ ಕೊಂಡೆ. ಊರು ಹತ್ತಿರವಾದಂತೆ ತಾಯಿ ಸೆರಗು ಸರಿಮಾಡಿಕೊಂಡು, "ಇಲ್ಲೇ ನಿಂದರ್ಸಪಾ, ನಾ ಹಿಂದಿನ ಹಾದಿಲೆ ನಡಕೋತ ಬರ್ತೀನಿ" ಎಂದಳು. ನಿಂತರೆ ಮತ್ತೆ ಹೊರಡುವುದಿಲ್ಲ ಎಂದು ನಾನು ನಿಜವನ್ನೇ ಹೇಳಿದೆ. ಅಗಸಿ ದಾಟಿದೆವು, ಬಚ್ಚಲ ಕಾಲುವೆಯ ಕಲ್ಲಿನ ಮೇಲೆ ತಾವು ಒಮ್ಮೆ ಕುಕ್ಕಿದಿರಿ, ಕೆಮ್ಮಿದಿರಿ, ನಾನು ಗಾಬರಿಯಲ್ಲಿ ಸ್ಟೇರಿಂಗನ್ನು ಎಡಕ್ಕೆ ಎಳೆದೆ, ಮತ್ತು ಮಾನ್ಯರಾದ ತಾವು ಗೌಡರ ಕಟ್ಟೆಯ ನೇರ ಮುಂದೆ ನಿಂತು ಬಾಯಿ ಬಿಟ್ಟು ಹಾರ್ನು ಹೊಡೆಯತೊಡಗಿದಿರಿ.

ಕಟ್ಟೆ ತುಂಬಿತ್ತು. ತಾಯಿ ಹಳೆಯ ರೂಢಿಯಂತೆ ಕೂಡಲೇ ಇಳಿಯಲು ಹೋದಳು; ಹಿಡಿಕೆ ಇಲ್ಲ. ಬಾಗಿಲನ್ನು ತಡವಿದಳು, ಗುದ್ದಿದಳು, ಆಗಲಿಲ್ಲ. ಹಾರ್ನಿನ ಕೂಗು ಕೇಳಿ ವೀರನಗೌಡರೇ ಮನೆಯಿಂದ ಹೊರಗೆ ಬಂದರು. ಅಷ್ಟರಲ್ಲಿ ನಮ್ಮ ಹಿಂದೆ ಅವರದೇ ಟ್ರ್ಯಾಕ್ಟರು ಗದ್ದೆಯಿಂದ ಭತ್ತ ಹೇರಿಕೊಂಡು ಬಂದು ನಿಂತಿತು. ದಾರಿ ಇಕ್ಕಟ್ಟು, ಮೇಲೆ ಮೋಡ ಕಪ್ಪಗಾಗಿತ್ತು, ಭತ್ತದ ಮೇಲೆ ಹೊದಿಕೆ ಇರಲಿಲ್ಲ. ಇಂಥ ಕೆಲಸಗಳಿಗೆ ರೂಢಿಯಾಗಿ ಕೈ ಹಚ್ಚುವ ನಮ್ಮ ಕೇರಿಯ ಗಂಡಸರೆಲ್ಲ ಗೌಡರ ಗದ್ದೆಯಲ್ಲಿಯೇ ಕೊಯ್ಲಿನಲ್ಲಿದ್ದರು. ಕಟ್ಟೆಯವರ ಮುಂದೆ ತಾವು ಇಟ್ಟದ್ದು ಎರಡೇ ದಾರಿ: ಬಂದು ನನ್ನ ತಾಯಿಗೆ ಬಾಗಿಲು ತೆಗೆದು ಇಳಿಸಬೇಕು, ಇಲ್ಲವೇ ಅವಳು ಕೂತಿರುವಂತೆಯೇ ತಳ್ಳಬೇಕು. ಒಬ್ಬರೂ ಕಟ್ಟೆ ಇಳಿಯಲಿಲ್ಲ. ಮೊದಲ ಹನಿ ಬಿದ್ದಾಗ ಗೌಡರು, "ಏ, ನೋಡ್ಕೋತ ಏನ್ ನಿಂತೀರಿ, ಕೈ ಹಚ್ರಿ!" ಎಂದು ಗದರಿದರು.

ತಳ್ಳಿದಾಗ ಎಂಜಿನ್ನು ಹಿಡಿಯಬೇಕಾದರೆ ಗೇರು ಹಾಕಿಕೊಂಡು ಕ್ಲಚ್ ಬಿಡುವವನು ಒಳಗೇ ಕೂತಿರಬೇಕು. ಇದು ಶುದ್ಧ ವಿಜ್ಞಾನ, ನನ್ನದೇನೂ ಸೊಕ್ಕಿಲ್ಲ. ಹೀಗಾಗಿ ನಾನೂ ಕೂತಿದ್ದೆ, ತಾಯಿಯೂ ಕೂತಿದ್ದಳು, ಕಟ್ಟೆ ತಳ್ಳುತ್ತಿತ್ತು. ಸಾಲದಾದಾಗ ಗೌಡರೂ ಪಂಚೆ ಮೇಲೆ ಕಟ್ಟಿ ಬಂದರು. ಒಬ್ಬರು ಮಾತ್ರ ಹೆಗಲ ಮೇಲಿನ ವಲ್ಲಿಯನ್ನು ಕೈಗೆ ಸುತ್ತಿಕೊಂಡು ತಳ್ಳಿದರು. ಬಿಸಿಲಿಗೆ ತಮ್ಮ ತಗಡು ಕಾದಿತ್ತೆಂದು ನಾನು ಅರ್ಥ ಮಾಡಿಕೊಂಡೆ, ಮೋಡವಾಗಿದ್ದರೂ. ಹಾರ್ನು ಮೆರವಣಿಗೆಯ ಕಹಳೆಯಂತೆ ಒಂದೇ ಸಮ ಮೊಳಗುತ್ತಿತ್ತು. ತಾವು ಕೂಡಲೇ ಏಳಲಿಲ್ಲ, ಕೇರಿಯ ಬೇವಿನ ಕಟ್ಟೆಯವರೆಗೂ ತಳ್ಳಿಸಿಕೊಂಡು ಅಲ್ಲಿ ಎದ್ದಿರಿ. ಕನ್ನಡಿಯಲ್ಲಿ ನೋಡಿದೆ: ಎಲ್ಲರೂ ಏದುಸಿರು ಬಿಡುತ್ತ ತಂತಮ್ಮ ಕೈಗಳನ್ನು ನೋಡಿಕೊಳ್ಳುತ್ತಿದ್ದರು.

ತಾಯಿ ಆ ದಿನವೆಲ್ಲ ಮತ್ತೆಮತ್ತೆ ಹೊರಗೆ ಬಂದು ಅಗಸಿಯ ಕಡೆ ನೋಡಿ ಒಳಗೆ ಹೋಗುತ್ತಿದ್ದಳು. ಹೆದರಿದ್ದಾಳೆಂದು ತಿಳಿದು ನನಗೆ ಬಹಳ ಕೆಡುಕೆನಿಸಿತು. ಮರುದಿನ ಹೊರಡುವಾಗ ನಾನೇ ಹಿಂದಿನ ಹಾದಿಯಲ್ಲಿ ಹೋಗೋಣವೇ ಎಂದು ಕೇಳಿದೆ. ಅವಳು ಹೊಸ ಸೀರೆ ಉಟ್ಟು, ಹೂವು ಮುಡಿದು, ತಮ್ಮ ಮುಂದಿನ ಸೀಟಿನಲ್ಲಿ ಆಗಲೇ ಕೂತಿದ್ದಳು. "ಯಾಕ? ಬಂದ ಹಾದಿಲೇ ಹೋಗೂಣು. ಅಲ್ಲಿ ಇದು ನಿಂದರ್ತದಲ್ಲ?" ಎಂದಳು.

ಮಾನ್ಯರೇ, ನನ್ನ ದೂರು ಇಲ್ಲಿಂದ ಆರಂಭವಾಗುತ್ತದೆ. ಆ ದಿನ ತಾವು ನಿಲ್ಲಲಿಲ್ಲ! ಗಬ್ಬೂರಿನಲ್ಲಿ ನಿಂತಿರಿ, ಸಂತೆಯಲ್ಲಿ ನಿಂತಿರಿ, ಹೆಡ್‌ಮಾಸ್ತರರ ಮನೆ ಮುಂದೆ ನಿಂತು ನನ್ನ ಮಾನ ಕಳೆದಿರಿ, ಆದರೆ ಆ ಕಟ್ಟೆಯ ಮುಂದೆ ಮಾತ್ರ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಸುಮ್ಮನೆ ಹಾಯ್ದು ಹೋದಿರಿ. ಯಾವಾಗಲೂ ತುಂಬಿರುವ ಕಟ್ಟೆ ಅಂದು ತಮ್ಮ ಸದ್ದು ಕೇಳಿಯೇ ಖಾಲಿಯಾಗಿತ್ತು, ಹುಲಿ ಮನೆ ಆಟದ ಹಲಗೆಯಷ್ಟೇ ಉಳಿದಿತ್ತು. ತಾಯಿ ಕಿಟಕಿಯಿಂದ ಕತ್ತು ಚಾಚಿ ಎಡಕ್ಕೆ ನೋಡಿ, "ಯಾರೂ ಇಲ್ಲಲ್ಲಪಾ" ಎಂದು ಮುಖ ಸಣ್ಣದು ಮಾಡಿದಳು. ಅವಳಿಗೆ ತಾವು ತಂದ ಆ ನಿರಾಸೆಯನ್ನು ನಾನು ಸುಲಭವಾಗಿ ಕ್ಷಮಿಸಲಾರೆ.

ಆದ್ದರಿಂದ ಸವಿನಯ ಪ್ರಾರ್ಥನೆ. ಇನ್ನು ಮುಂದೆ ತಾವು ಎಲ್ಲೆಂದರಲ್ಲಿ ನಿಲ್ಲುವ ಚಟ ಬಿಟ್ಟು ಯೋಗ್ಯ ಸ್ಥಳಗಳನ್ನು ನೋಡಿ ನಿಲ್ಲಬೇಕು. ನಮಗೆ ಬೇರೆ ಲೋಟ ಇಟ್ಟ ಚಹಾದ ಅಂಗಡಿಗಳ ಮುಂದೆ, ನಮ್ಮವರಿಗೆ ಮೇಲಿನಿಂದ ನೀರು ಸುರಿಯುವ ಬಾವಿಗಳ ಮುಂದೆ, ಬಾಡಿಗೆಗೆ ಮನೆ ಕೇಳಿದಾಗ ಹೆಸರಿಗಿಂತ ಮೊದಲು ಕೇರಿಯನ್ನು ವಿಚಾರಿಸಿದ ಯಜಮಾನರ ಬಾಗಿಲುಗಳ ಮುಂದೆ ತಾವು ಅಡ್ಡಲಾಗಿ ನಿಲ್ಲಬೇಕು, ಹಾರ್ನು ಹೊಡೆಯಬೇಕು, ಬಾಗಿಲು ತೆರೆಯಬಾರದು, ಮತ್ತು ಅವರ ಕೈ ಬೀಳುವವರೆಗೆ ಏಳಬಾರದು. ಅಷ್ಟೂ ಊರುಗಳನ್ನು ಮುಗಿಸಲು ತಮಗಿರುವ ಆಯುಷ್ಯ ಸಾಲದೆಂದು ಬಲ್ಲೆ. ಆದರೂ ಮಾನ್ವಿ ತಾಲೂಕಿನಿಂದ ಆರಂಭಿಸಬಹುದು.

ಬೆಳಗಿನ ಪ್ರದಕ್ಷಿಣೆಯೊಂದಿಗೆ,

ತಮ್ಮ ವಿಶ್ವಾಸಿ,
ಮೌನಪ್ಪ ಮಾಸ್ತರ

ತಾಜಾ ಕಲಂ: ನಿನ್ನೆ ವೀರನಗೌಡರು ಟ್ರ್ಯಾಕ್ಟರಿನವನ ಕೈಯಲ್ಲಿ ತಮಗಾಗಿ ಹೊಚ್ಚಹೊಸ ಬ್ಯಾಟರಿಯೊಂದನ್ನು ಕಳಿಸಿದ್ದಾರೆ, ಇನ್ನೊಮ್ಮೆ ಊರಿಗೆ ಬರುವಾಗ ಮಾಸ್ತರರಿಗೆ ತ್ರಾಸಾಗಬಾರದಂತೆ. ಹಿರಿಯರು ಕೊಟ್ಟದ್ದನ್ನು ಮರಳಿ ಕಳಿಸಬಾರದೆಂದು ಅದನ್ನು ನಮ್ಮ ಶಾಲೆಯ ಪ್ರಯೋಗಾಲಯಕ್ಕೆ ಒಪ್ಪಿಸಿದ್ದೇನೆ. ಅಲ್ಲಿ ಅದು ವಿದ್ಯುತ್ ಗಂಟೆಯನ್ನು ಚೆನ್ನಾಗಿ ಬಾರಿಸುತ್ತಿದೆ. ತಾವು ನಿಶ್ಚಿಂತೆಯಿಂದ ಹಳೆಯದರಲ್ಲಿಯೇ ಮುಂದುವರಿಯಿರಿ, ಬರುವ ತಿಂಗಳು ತೊಟ್ಟಿಲ ಕಾರ್ಯಕ್ಕೆ ತಾಯಿ ಮತ್ತೆ ಊರಿಗೆ ಹೊರಟಿದ್ದಾಳೆ.