ಲಾರಿಯಲ್ಲಿ ಬಂದ ಹಿರಿಯರು

ನಾನು ಸುಳ್ಳು ಹೇಳುವವನಲ್ಲ. ಆದರೆ ನಿಜವನ್ನು ಎಲ್ಲಿಗೆ ನಿಲ್ಲಿಸಬೇಕೆಂಬ ವಿಷಯದಲ್ಲಿ ನನಗೆ ಸ್ವಲ್ಪ ಕೈಚಳಕವಿದೆ. ಇದನ್ನು ನನ್ನ ಹೆಂಡತಿ ಪುಕ್ಕಲುತನ ಎನ್ನುತ್ತಾಳೆ.

ಎಂಬತ್ತರ ದಶಕದ ಕೊನೆಯಲ್ಲಿ ನನಗೆ ನಾಗಪುರದಿಂದ ಚಿಕ್ಕಬಳ್ಳಾಪುರಕ್ಕೆ ವರ್ಗವಾಯಿತು. ಸ್ವಂತ ಸೀಮೆಗೆ ಹೊರಟೆವೆಂದು ಹಿಗ್ಗಬೇಕಾದ ನನ್ನವಳು ಅಂಗಳ ನೋಡುತ್ತ ಕೂತಳು. ಅಲ್ಲಿ ಐದು ನಾಯಿಗಳಿದ್ದವು; ಎಲ್ಲವೂ ಅವಳು ಚರಂಡಿಯಿಂದ, ಲಾರಿ ಗಾಲಿಯಡಿಯಿಂದ ಎತ್ತಿ ತಂದವು. ಅವಳು ಶಿಡ್ಲಘಟ್ಟದವಳು, ತೊಟ್ಟಿಲಲ್ಲಿರುವ ಕೂಸನ್ನೂ ಅಪ್ಪ, ಅಮ್ಮ ಸೇರಿಸಿಯೇ ಮಾತಾಡಿಸುವ ಕಡೆಯವಳು. ಹೀಗಾಗಿ ಅಪ್ಪಟ ನಾಗಪುರದ ಬೀದಿನಾಯಿಗಳು ನಮ್ಮ ಮನೆಯಲ್ಲಿ ಮುನಿಯಪ್ಪ, ಕೆಂಪಮ್ಮ, ನಾರಾಯಣಪ್ಪ, ಚಿನ್ನಮ್ಮ, ಗಂಗಪ್ಪ ಆಗಿದ್ದವು. ಮುನಿಯಪ್ಪ ಕುರುಡ. "ಇವ್ರನ್ನ ಬಿಟ್ಟು ಬಾ ಅಂದ್ರೆ ನಾನೂ ಇಲ್ಲೇ ಇರ್ತೀನಿ ಕಣ್ರೀ" ಎಂದಳು. ಹೇಳಿದರೆ ಇದ್ದೇಬಿಡುವವಳು.

ಬಾಡಿಗೆಗೆ ಕೇಳಿದ್ದ ಮೂರು ಮನೆಯವರು ನಾಯಿ ಎಂದ ಕೂಡಲೇ ಆಗುವುದಿಲ್ಲ ಎಂದು ಬರೆದಿದ್ದರು. ಉಳಿದವರು ನಂಜುಂಡಪ್ಪನವರೊಬ್ಬರೇ. ನಂದಿಯಲ್ಲಿ ದ್ರಾಕ್ಷಿ ತೋಟ, ಚಿಕ್ಕಬಳ್ಳಾಪುರದಲ್ಲಿ ಬಾಡಿಗೆಗೊಂದು ಮನೆ ಇದ್ದವರು. ಮನೆಯಲ್ಲಿ ಯಾರ್ಯಾರು ಇರುತ್ತೀರಿ, ಹೆಸರು ತಿಳಿಸಿ ಎಂದು ಕಾರ್ಡು ಹಾಕಿದರು. "ಎಲ್ರದ್ದೂ ಬರೀರಿ, ಮುಚ್ಚುಮರೆ ಬೇಡ" ಎಂದಳು ಹೆಂಡತಿ. ಬರೆದೆ. ಐದೂ ಹೆಸರು ಬರೆದು, ಎಲ್ಲರಿಗೂ ವಯಸ್ಸಾಗಿದೆ, ಒಬ್ಬರಿಗೆ ಕಣ್ಣು ಕಾಣದು ಎಂದೂ ಸೇರಿಸಿದೆ. 'ನಾಯಿ' ಎಂಬ ಎರಡಕ್ಷರಕ್ಕೆ ಮಾತ್ರ ಕಾರ್ಡಿನಲ್ಲಿ ಜಾಗ ಸಾಲಲಿಲ್ಲ. ವಾರದಲ್ಲಿ ಉತ್ತರ ಬಂತು: "ಈ ಕಾಲದಲ್ಲಿ ಇಷ್ಟೊಂದು ಹಿರಿಯರನ್ನು ಜೊತೆಗಿಟ್ಟುಕೊಂಡು ನೋಡಿಕೊಳ್ಳುವವರುಂಟೇ! ನಮ್ಮ ತಂದೆಯವರ ಹೆಸರೂ ಮುನಿಯಪ್ಪ. ಮನೆ ನಿಮಗೇ." ನಾನು ಹೆಂಡತಿಗೆ ಕೊನೆಯ ವಾಕ್ಯವನ್ನಷ್ಟೇ ಓದಿ ಹೇಳಿದೆ.

ಕಿತ್ತಳೆಹಣ್ಣಿನ ಲಾರಿಯೊಂದರಲ್ಲಿ ಹೊರಟೆವು. ಡ್ರೈವರು ಮೊದಲು ಗೊಣಗಿದ. ಹೈದರಾಬಾದು ದಾಟುವಷ್ಟರಲ್ಲಿ ಕೆಂಪಮ್ಮ ಅವನ ಪಕ್ಕದ ಸೀಟಿನಲ್ಲಿದ್ದಳು, ನಾನು ಹಿಂದೆ ಗಂಗಪ್ಪನ ಜೊತೆ ಬೀರುವಿಗೆ ಒರಗಿ ಕೂತಿದ್ದೆ. ದಾರಿಯುದ್ದಕ್ಕೂ ನನಗೆ ಒಂದೇ ಭಯ. ಈ ಮನೆಯೂ ತಪ್ಪಿದರೆ ಕಣ್ಣಿಲ್ಲದ ಮುನಿಯಪ್ಪ ಬೀದಿಯಲ್ಲಿ ಒಂದು ದಿನವೂ ಬದುಕುವುದಿಲ್ಲ. ಅವನೆಂದರೆ ನನಗೂ ಪ್ರಾಣ. ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ ಅಷ್ಟೆ.

ನಂಜುಂಡಪ್ಪನವರು ಜಗಲಿಯ ಮೇಲೆ ಐದು ಚಾಪೆ ಹಾಸಿ, ಹಂಡೆಯಲ್ಲಿ ಬಿಸಿನೀರು ಕಾಯಿಸಿಕೊಂಡು ಕಾಯುತ್ತಿದ್ದರು. "ಮೊದ್ಲು ಹಿರಿಯರನ್ನ ಇಳಿಸಿ ಸ್ವಾಮಿ. ಮುನಿಯಪ್ನೋರೇ, ಬನ್ನಿ!" ಎಂದು ಕೂಗಿದರು. ಹೆಸರು ಕೇಳಿದ್ದೇ ತಡ, ಮುನಿಯಪ್ಪ ಲಾರಿಗೆ ಆನಿಸಿದ್ದ ಹಲಗೆಯ ಮೇಲೆ ತಡವರಿಸುತ್ತ ಇಳಿದು, ದನಿ ಬಂದ ಕಡೆಗೆ ಮೂಸುತ್ತ ಹೋಗಿ, ಅವರ ಪಾದದ ಮೇಲೆ ಗದ್ದವಿಟ್ಟು ಮಲಗಿಬಿಟ್ಟ.

ಹೆಂಡತಿ ನನ್ನನ್ನು ನೋಡಿದ ನೋಟವನ್ನು ಬರೆಯಲಾರೆ. ನಂಜುಂಡಪ್ಪನವರು ಬಹಳ ಹೊತ್ತು ಕಾಲು ಕದಲಿಸಲಿಲ್ಲ. ಆಮೇಲೆ ಬಗ್ಗಿ ಅವನ ತಲೆ ಸವರಿ, "ನಮ್ಮಪ್ಪನಿಗೂ ಕೊನೇಲಿ ಕಣ್ಣು ಕಾಣ್ತಿರ್ಲಿಲ್ಲಮ್ಮ. ದನಿ ಹಿಡ್ಕೊಂಡೇ ಹಿಂಗೆ ಬರೋರು" ಎಂದು ನನ್ನವಳಿಗೆ ಹೇಳಿದರು. ನನ್ನ ಕಡೆ ತಿರುಗಿ, "ನೀನು ಮಾತ್ರ ಭಾರೀ ಕಳ್ಳ ಕಣಯ್ಯ" ಎಂದರು.

ಆ ಮನೆಯಲ್ಲಿ ಆರು ವರ್ಷ ಇದ್ದೆವು. ಅವರು ಬಂದಾಗಲೆಲ್ಲ "ಮುನಿಯಪ್ನೋರು ಹೆಂಗಿದಾರಮ್ಮ? ಕೆಂಪಮ್ನೋರು ಉಂಡ್ರಾ?" ಎಂದು ಒಬ್ಬೊಬ್ಬರನ್ನೇ ವಿಚಾರಿಸಿಕೊಂಡು, ಕೊನೆಗೆ ಎದುರಿಗೇ ಕೂತಿದ್ದ ನನ್ನನ್ನು ತೋರಿಸಿ, "ಇವನು ಸುಮ್ನಿದಾನಾ?" ಎಂದು ಕೇಳುತ್ತಿದ್ದರು. ಮನೆಯ ಏಳು ಜನರಲ್ಲಿ ಏಕವಚನ ದಕ್ಕಿದ್ದು ನನಗೊಬ್ಬನಿಗೇ.