ಬೆಸಾಂವ್ ಕೇಳದ ಮಗಳು

ನನ್ನ ಬೆಳಗಿನ ಪ್ರಾರ್ಥನೆ ನಡೆಯುವುದು ಒಲೆಯ ಮುಂದೆ. ಇವತ್ತೂ ನೀರುದೋಸೆಯ ಹಿಟ್ಟು ಹೊಯ್ದು, ಮುಚ್ಚಳ ಹಾಕಿ, ಅದು ಬೇಯುವಷ್ಟರಲ್ಲಿ ಒಂದು ನಮೋ ಮರಿಯಾ ಮುಗಿಸಿ, ಎಂಟು ವರ್ಷದ ಮಗಳು ಲವಿಟಾಳ ಎರಡನೇ ಜಡೆಗೆ ರಿಬ್ಬನ್ ಕಟ್ಟಿದೆ. ಅವಳು ನೊಣ ಓಡಿಸಿದ ಹಾಗೆ ಶಿಲುಬೆಯ ಗುರುತು ಹಾಕಿ ಶಾಲೆಯ ಆಟೋ ಹತ್ತಿದಳು. ಆಟೋ ಕಡಬ ಪೇಟೆಯ ಕಡೆ ತಿರುಗಿದರೂ ನಾನು ಗೇಟಿನಲ್ಲೇ ನಿಂತಿದ್ದೆ. ಒಂದು ವಾರದಿಂದ ನನಗೆ ನೆಮ್ಮದಿ ಇಲ್ಲ.

ನಮ್ಮಲ್ಲಿ ಸಂಜೆಯ ಜಪಸರ ಮುಗಿದ ಕೂಡಲೇ ಮಕ್ಕಳು ಹಿರಿಯರ ಮುಂದೆ ಕೈಮುಗಿದು ಬೆಸಾಂವ್ ಕೇಳಬೇಕು. ಬೆಸಾಂವ್ ಅಂದರೆ ಆಶೀರ್ವಾದ. ಬೆಟ್ಟಂಪಾಡಿಯ ನನ್ನ ತವರಿನಲ್ಲಿ ಪೆಟ್ಟು ತಿಂದ ದಿನವೂ ಇದು ತಪ್ಪುತ್ತಿರಲಿಲ್ಲ. ಆ ದಿನ ಅಮ್ಮನ ಕೈ ತಲೆಯ ಮೇಲೆ ಸ್ವಲ್ಪ ಜೋರಾಗಿಯೇ ಕೂರುತ್ತಿತ್ತು, ಅಷ್ಟೆ. ಲವಿಟಾ ಈಗ ಕೇಳುವುದನ್ನೇ ಬಿಟ್ಟಿದ್ದಾಳೆ. ಕೊನೆಯ ಆಮೆನ್ ಬಾಯಲ್ಲಿರುವಾಗಲೇ ಪಕ್ಕದ ಸರಸಕ್ಕನ ಮನೆಗೆ ಓಟ. ಅಲ್ಲಿ ಬೆಕ್ಕು ಮರಿ ಹಾಕಿದೆ. ಇವತ್ತು ಬೆಸಾಂವ್ ಬಿಟ್ಟವಳು ನಾಳೆ ಜಪಸರ ಬಿಟ್ಟಾಳು, ನಾಡಿದ್ದು ಭಾನುವಾರದ ಪೂಜೆ ಬಿಟ್ಟಾಳು. ಪಾತ್ರೆ ತೊಳೆಯುತ್ತಾ ಯೋಚಿಸಿದರೆ ಸಾಕು, ನನ್ನ ಕಣ್ಣ ಮುಂದೆ ಅವಳು ಇಪ್ಪತ್ತೈದು ವರ್ಷದವಳಾಗಿ, ಭಾನುವಾರ ಬಿಸಿಲು ಏರಿದರೂ ಮುಸುಕೆಳೆದು ಮಲಗಿರುತ್ತಾಳೆ. ಜ್ಞಾನಸ್ನಾನದ ದಿನ ಪಾದ್ರಿಗಳು ಮೇಣದಬತ್ತಿ ಹೊತ್ತಿಸಿ, ಈ ಬೆಳಕನ್ನು ಕಾಪಾಡುವುದು ತಂದೆತಾಯಿಯ ಹೊಣೆ ಎಂದಿದ್ದರು. ಇಗರ್ಜಿಯ ಫ್ಯಾನಿನ ಗಾಳಿಗೆ ಅದು ನಾವು ಬಾಗಿಲು ದಾಟುವ ಮೊದಲೇ ಆರಿತ್ತು. ಆಗ ನಕ್ಕಿದ್ದೆ, ಈಗ ನೆನೆಸಿದರೆ ಹೆದರಿಕೆ.

ಅಂಗಡಿ ಮುಚ್ಚಿ ತಡವಾಗಿ ಬರುವ ಗಂಡ ರಾಬರ್ಟರಿಗೆ ಇದೆಲ್ಲ ತಮಾಷೆ. "ಅವಳಿಗೆ ಎಂಟು ವರ್ಷ ಮಾರಾಯ್ತಿ. ಸಂತಳಾಗಲಿಕ್ಕೆ ಇನ್ನೂ ಟೈಮ್ ಉಂಟು. ಯಾಕೆ ಕೇಳುದಿಲ್ಲ ಅಂತ ಅವಳನ್ನೇ ಕೇಳು" ಎಂದರು. ಕೇಳಿದರೆ ಬರಬಹುದಾದ ಉತ್ತರಕ್ಕೇ ನನಗೆ ಹೆದರಿಕೆ. ಅದೂ ಅಲ್ಲದೆ, ಬೆಸಾಂವ್ ಮಗು ತಾನಾಗಿ ಕೇಳಿ ಪಡೆಯಬೇಕಾದದ್ದು. "ಬಾ, ತಗೊಂಡು ಹೋಗು" ಎಂದು ಕರೆದು ಕೊಡಲು ಅದೇನು ಚಕ್ಕುಲಿಯೇ?

ಇವತ್ತು ಸಂಜೆಯೂ ಅವಳು ಓಡಿದಳು. ತಡೆಯಲಾರದೆ ನಾನೂ ಹಿಂದೆಯೇ ಹೋದೆ. ನಾನು ತಲುಪುವಾಗ ಅವಳು ಹಿತ್ತಲಲ್ಲಿ ಬೆಕ್ಕಿನ ಮರಿಗಳ ಜೊತೆ. ಸರಸಕ್ಕ ಜಗಲಿಯಲ್ಲಿ ಕೂತು ಅಲಸಂಡೆ ಮುರಿಯುತ್ತಿದ್ದರು. ಒಳಗೆ ಟಿವಿ ಮಾತಾಡುತ್ತಿತ್ತು.

"ಸರಸಕ್ಕ, ಇವಳು ದಿನಾ ಬಂದು ಉಪದ್ರ ಕೊಡುದಾ?"

"ಎಂತ ಉಪದ್ರ ಬಾಯಮ್ಮ? ಬಂದು ಕೈಮುಗಿದು ನಿಲ್ತಾಳೆ. ಅದೆಂತದು, ಬೆಸಾಂವ್ ಕೊಡಿ ಅಂತಾಳೆ. ನಿಮ್ಮ ಮಂತ್ರ ನನಗೆಲ್ಲಿ ಗೊತ್ತು? ಒಳ್ಳೇದಾಗ್ಲಿ ಮಗಾ ಅಂತೇನೆ. ಆಮೆನ್ ಅವಳೇ ಹೇಳ್ತಾಳೆ. ಮತ್ತೆಯೇ ಬೆಕ್ಕು."

ವಾರದಿಂದ ಕಾಡಿದ ಹೆದರಿಕೆ ಇಳಿಯಿತು. ಅದರ ಹಿಂದೆಯೇ ಸಣ್ಣ ಹೊಟ್ಟೆಕಿಚ್ಚು. "ಹಾಗಾದ್ರೆ ಮನೆಯಲ್ಲಿ ನಾನು ಇಲ್ಲವಾ?" ಎಂದೆ.

ಸರಸಕ್ಕ ಅಲಸಂಡೆಯಿಂದ ತಲೆ ಎತ್ತಲಿಲ್ಲ. "ನೀವು ಒಂದು ಕೈಯಲ್ಲಿ ಮೊಬೈಲ್ ಹಿಡ್ಕೊಂಡು, ಮಕ್ಕಳಿಗೆ ಭಕ್ತಿ ಕಲಿಸುದು ಹೇಗೆ ಅಂತ ಪ್ರವಚನ ಕೇಳ್ತಾ, ಇನ್ನೊಂದು ಕೈಯಲ್ಲಿ ಅವಳ ತಲೆ ಹುಡುಕುದಂತೆ ಅಲ್ವಾ? ಒಂದು ದಿನ ಬೆಸಾಂವ್ ಮೂಗಿಗೆ ಬಿತ್ತಂತೆ. ನಾನು ಧಾರಾವಾಹಿಯ ನಡುವೆ ಜಾಹೀರಾತು ಬಂದಾಗಲೇ ಕೊಡುದು. ಆದ್ರೆ ಎರಡೂ ಕೈಯಲ್ಲಿ ಕೊಡ್ತೇನೆ ಮಾರಾಯ್ರೆ."